ಎಕರೆ ಎಣಿಸುವ ಮೊದಲು ಗುಣ ನೋಡಿ

ಸಿರುಗುಪ್ಪದಿಂದ ಸಂಬಂಧ ಬಂದರೆ ನಿಮ್ಮ ಮೊದಲ ಪ್ರಶ್ನೆ, ‘ಗದ್ದೆ ಎಷ್ಟು ಎಕರೆ? ಕಾಲುವೆ ನೀರು ಬರುತ್ತದಾ?’ ಹುಡುಗನ ಗುಣ ವಿಚಾರಿಸುವುದು ಎಲೆ ಅಡಿಕೆ ಹಂಚಿದ ಮೇಲೆ. ಇನ್ನು ಪ್ರೀತಿಸಿದವರು ಕುರುಗೋಡಿನಲ್ಲಿ ಬಳ್ಳಾರಿ ಬಸ್ ಹತ್ತಿಬಿಡುತ್ತೀರಿ, ನಾಳಿನ ಮನೆ ಬಾಡಿಗೆಯ ಯೋಚನೆಯೇ ಇಲ್ಲ. ಎರಡೂ ತಪ್ಪು.

ನಿಶ್ಚಯಕ್ಕೆ ಮೊದಲು ಕುವೆಂಪು ಅವರ ಎರಡು ಕಾದಂಬರಿ ಓದಿ. 1936ರ ‘ಕಾನೂರು ಹೆಗ್ಗಡಿತಿ’ಯ ಸುಬ್ಬಮ್ಮ ಚಂದ್ರಯ್ಯಗೌಡರ ಮೂರನೇ ಹೆಂಡತಿಯಾಗಿ ದೊಡ್ಡ ಮನೆ ಸೇರಿದಳು. ಹೆಗ್ಗಡಿತಿ ಎಂಬ ಹೆಸರು ಬಂತು, ನೆಮ್ಮದಿ ಬರಲಿಲ್ಲ. ಅದೇ ಕಾದಂಬರಿಯ ಸೀತೆಯ ಮನಸ್ಸು ಹೂವಯ್ಯನ ಮೇಲಿತ್ತು. ಹಿರಿಯರು ರಾಮಯ್ಯನಿಗೆ ಕಟ್ಟಿದರು. ಅವಳೂ ಬೆಂದಳು, ಅವನೂ ಬೆಂದ. ಬೆಳ್ಳಗಿರುವುದೆಲ್ಲ ಹಾಲಲ್ಲ.

1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಚಿನ್ನಮ್ಮ ಮನಸ್ಸಿಲ್ಲದ ಮದುವೆ ಬಿಟ್ಟು ಓಡಿದಳು, ನಿಜ. ಆದರೆ ಅವಳು ನಂಬಿದ ಮುಕುಂದಯ್ಯ ಚಿಕ್ಕಂದಿನಿಂದ ಬಲ್ಲವನು. ಎರಡು ತಿಂಗಳು ಫೋನಿನಲ್ಲಿ ಮಾತಾಡಿದವನನ್ನು ನಂಬಿ ಹೊರಡುವಾಗ ಆಕೆಯ ಹೆಸರು ಹೇಳಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಪ್ರೀತಿಸಿದ್ದೀರಾ? ಸಂತೋಷ. ಮೊದಲು ಇಬ್ಬರೂ ನಿಮ್ಮ ಕಾಲ ಮೇಲೆ ನಿಲ್ಲಿ. ಜೀನ್ಸ್ ಹೊಲಿಗೆಯಾಗಲಿ, ಶಾಲೆಯ ಕೆಲಸವಾಗಲಿ, ದುಡಿಮೆ ಇರಲಿ. ಕೋಪ ಬಂದಾಗ ಅವನು ಹೇಗಿರುತ್ತಾನೆ, ಸಾಲ ಎಷ್ಟಿದೆ, ಕುಡಿತ ಉಂಟೇ, ನೋಡಿಕೊಳ್ಳಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಅಷ್ಟು ದಿನ ಕಾಯಲಾರದ ಪ್ರೀತಿ ಮೂವತ್ತು ವರ್ಷ ಹೇಗೆ ಬಾಳೀತು?

ಮನೆಯವರು ನೋಡಿದ ಸಂಬಂಧವೇ? ಅದೂ ಕೀಳಲ್ಲ. ಹೊಟ್ಟೆಗೆ ಹಿಟ್ಟು ಬೇಕೇ ಬೇಕು. ಆದರೆ ಹುಡುಗನೊಡನೆ ನೀವೇ ಕೂತು ಮಾತಾಡಿ. ಓದು, ಕೆಲಸ ಮುಂದುವರಿಸುವ ವಿಷಯ ತಾಳಿ ಕಟ್ಟುವ ಮುಂಚೆಯೇ ತೀರ್ಮಾನವಾಗಲಿ. ವರದಕ್ಷಿಣೆ ಕೇಳಿದರೆ ಎದ್ದು ಬನ್ನಿ. 1961ರ ಕಾಯ್ದೆಯಲ್ಲಿ ಪಡೆಯುವುದಷ್ಟೇ ಅಲ್ಲ, ಕೊಡುವುದೂ ಅಪರಾಧ.

ಅಪ್ಪ ಅವ್ವಂದಿರೇ, ನಿಮಗೂ ಒಂದು ಮಾತು. ಮಗಳನ್ನು ನೆಂಟರ ಮುಂದೆ ಕೇಳಬೇಡಿ. ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ, ಪಕ್ಕದಲ್ಲಿ ಕೂತು ಕೇಳಿ. ಸುಮ್ಮನಿದ್ದರೆ ಮೌನವೇ ಸಮ್ಮತಿ ಎಂದು ಎದ್ದುಬಿಡಬೇಡಿ. ಇನ್ನೊಮ್ಮೆ ಕೇಳಿ.