ಮಿತಿ ಸೊನ್ನೆಯಾದಾಗ

ಅರೇಖೀಯ ಎಲಿಪ್ಟಿಕ್ ಸಮೀಕರಣಕ್ಕೆ ಪರಿಹಾರ ಇದೆಯೆಂದು ಸಾಧಿಸಲು ಹೊರಟವರಿಗೆ ಮೊದಲು ಸಿಗುವುದು ಸಲೀಸಾಗಿ ಕಾಣುವ ದಾರಿ. ಶಕ್ತಿಯನ್ನು ಅಳೆಯುವ ಅನುಕಲನ ಬರೆದುಕೊಳ್ಳಬೇಕು, ಅದನ್ನು ಇಳಿಸುತ್ತ ಹೋಗುವ ಫಲನಗಳ ಶ್ರೇಣಿ ಹಿಡಿಯಬೇಕು, ಶ್ರೇಣಿಯ ಮಿತಿಯೇ ಪರಿಹಾರ ಎನ್ನಬೇಕು. ನನ್ನ ಗೈಡ್ ಹೇಳಿಕೊಟ್ಟದ್ದೂ ಇಷ್ಟೇ. ಮಿತಿ ಎಲ್ಲಿ ಕೈಕೊಡುತ್ತದೆ ಎಂದು ಹೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಏಕೆಂದರೆ ಆ ಗುಂಡಿ ಹಳೆಯದು. 1851ರ ತಮ್ಮ ಪ್ರಬಂಧದಲ್ಲಿ ರೀಮನ್ ಕನಿಷ್ಠ ಶಕ್ತಿಯ ಫಲನ ಇದ್ದೇ ಇರುತ್ತದೆಂದು ನಂಬಿ ಮುಂದುವರಿದಿದ್ದರು. 1870ರಲ್ಲಿ ವೈಯರ್‌ಸ್ಟ್ರಾಸ್ ಒಂದು ಸರಳ ಅನುಕಲನ ಮುಂದಿಟ್ಟರು: ಅದರ ಬೆಲೆ ಸೊನ್ನೆಗೆ ಬೇಕಾದಷ್ಟು ಹತ್ತಿರ ಬರುತ್ತದೆ, ಸೊನ್ನೆಯನ್ನು ಮುಟ್ಟುವುದಿಲ್ಲ. ರೀಮನ್ ನಂಬಿದ ತತ್ವಕ್ಕೆ ಹಿಲ್ಬರ್ಟ್ ಗಟ್ಟಿ ತಳಪಾಯ ಹಾಕುವಷ್ಟರಲ್ಲಿ 1900 ಬಂದಿತ್ತು.

ನನ್ನ ಪಾಲಿಗೆ ಬಂದದ್ದು ಅರೇಖೀಯ ಪದದ ಕ್ರಿಟಿಕಲ್ ಘಾತ. ಮೂರು ಆಯಾಮದಲ್ಲಿ ಅದು 5. ಘಾತ 5ಕ್ಕಿಂತ ಕಡಿಮೆ ಇದ್ದರೆ ಶ್ರೇಣಿ ಹೇಳಿದ ಮಾತು ಕೇಳುತ್ತದೆ. 5 ಆದೊಡನೆ ಫಲನಗಳು ಕಿರಿದಾಗುತ್ತ ಎತ್ತರವಾಗುತ್ತ ಒಂದೇ ಬಿಂದುವಿನತ್ತ ಸರಿಯುತ್ತವೆ. ಶಕ್ತಿ ಒಂದಿಷ್ಟೂ ಕರಗುವುದಿಲ್ಲ, ಮಿತಿ ಮಾತ್ರ ಸೊನ್ನೆ. ಘೋರವೆಂದರೆ, ಸೊನ್ನೆಯೂ ಸಮೀಕರಣವನ್ನು ಪಾಲಿಸುತ್ತದೆ! ಬರೆದ ಸಾಲುಗಳೆಲ್ಲ ಸರಿ, ಎಸ್ಟಿಮೇಟ್‌ಗಳೆಲ್ಲ ಸರಿ, ಕೊನೆಗೆ ಕೈಯಲ್ಲಿ ಏನೂ ಇಲ್ಲ. ರಾತ್ರಿಯಿಡೀ ಹಾಳೆ ತಿರುವಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪೇ ಇಲ್ಲ. ಗೈಡ್ ಕಡೆಯಿಂದ ಬರುತ್ತಿದ್ದುದು ಒಂದೇ ಮಾತು: "ಎಸ್ಟಿಮೇಟ್ ಇನ್ನಷ್ಟು ಬಿಗಿ ಮಾಡಿ." ಅಂಚಿನಲ್ಲಿ ಸೊನ್ನೆಯಾಗುವ ಧನ ಪರಿಹಾರ ಗೋಳದೊಳಗೆ ಇಲ್ಲವೇ ಇಲ್ಲವೆಂದು ಪೊಹೊಜಾಯೆವ್ 1965ರಲ್ಲೇ ತೋರಿಸಿದ್ದರು. ಇಲ್ಲದ್ದನ್ನು ಯಾವ ಎಸ್ಟಿಮೇಟ್ ತಂದುಕೊಟ್ಟೀತು?

ದಾರಿ ತೆರೆದದ್ದು 1983ರಲ್ಲಿ, ಬ್ರೆಜಿಸ್ ಮತ್ತು ನಿರೆನ್‌ಬರ್ಗ್ ಅವರಿಂದ. ಸಮೀಕರಣಕ್ಕೆ ಅವರು ಲ್ಯಾಂಬ್ಡಾ ಗುಣಿಸಿದ ಒಂದು ರೇಖೀಯ ಪದ ಸೇರಿಸಿದರು. ನಾಲ್ಕು ಅಥವಾ ಹೆಚ್ಚು ಆಯಾಮದಲ್ಲಿ ಲ್ಯಾಂಬ್ಡಾ ಸೊನ್ನೆಗೂ ಮೊದಲ ಐಗನ್‌ಬೆಲೆಗೂ ನಡುವೆ ಇದ್ದರೆ ಸಾಕು, ಧನ ಪರಿಹಾರ ಸಿಗುತ್ತದೆ. ಮೂರು ಆಯಾಮದ ಗೋಳದಲ್ಲಿ ಅದು ಆ ಐಗನ್‌ಬೆಲೆಯ ಕಾಲುಭಾಗವನ್ನು ದಾಟಲೇಬೇಕು. 1988ರಲ್ಲಿ ಬಾಹ್ರಿ ಮತ್ತು ಕೊರೊನ್ ಇನ್ನೊಂದು ಬಾಗಿಲು ತೆರೆದರು: ಪ್ರದೇಶದ ಒಳಗೆ ಪೊಳ್ಳಿದ್ದರೆ ಆ ಪದವಿಲ್ಲದೆಯೂ ಪರಿಹಾರ ಹುಟ್ಟುತ್ತದೆ. ಎರಡು ಆಯಾಮದಲ್ಲಿ ಘಾತದ ಜಾಗಕ್ಕೆ ಎಕ್ಸ್‌ಪೊನೆನ್ಶಿಯಲ್ ಬರುತ್ತದೆ. ಅಲ್ಲಿ ಬೆಂಗಳೂರಿನ ಟಿಐಎಫ್‌ಆರ್ ಕೇಂದ್ರದಲ್ಲಿದ್ದ ಆದಿಮೂರ್ತಿ ಅವರ ಕೆಲಸವನ್ನು ಓದದೆ ಮುಂದೆ ಹೋಗುವಂತಿಲ್ಲ.

ಹೊಸಬರಿಗೆ ಹೇಳುವುದಿಷ್ಟು. ಮೊದಲು ಪೊಹೊಜಾಯೆವ್ ಸಮತೆ ಬರೆದು ಪರಿಹಾರಕ್ಕೆ ಅಡ್ಡಿ ಇದೆಯೇ ನೋಡಿ. ಆಮೇಲೆ ಸೊಬೊಲೆವ್ ಸ್ಥಿರಾಂಕ ನಿಗದಿ ಮಾಡುವ ಶಕ್ತಿಯ ಮಟ್ಟ ಲೆಕ್ಕ ಹಾಕಿ. ನಿಮ್ಮ ಕನಿಷ್ಠ ಶಕ್ತಿ ಅದಕ್ಕಿಂತ ಖಚಿತವಾಗಿ ಕೆಳಗಿದ್ದರೆ ಶ್ರೇಣಿ ಬಿಂದುವಿಗೆ ಕುಸಿಯಲಾರದು. ಮೂರು ಆಯಾಮವಾದರೆ ಈ ಲೆಕ್ಕವನ್ನು ಕೈಯಾರೆ ಪೂರ್ತಿ ಮಾಡಿ. ಅಲ್ಲಿ ರೇಖೀಯ ಪದದಿಂದ ಬರುವ ಲಾಭ, ಅಂಚಿನ ಬಳಿ ಫಲನವನ್ನು ಕತ್ತರಿಸುವುದರಿಂದ ಆಗುವ ನಷ್ಟ, ಎರಡೂ ಒಂದೇ ಅಳತೆಯವು.