ಬಯಲುಸೀಮೆ ಅಡಿಕೆಗೆ ನೀರಿನ ಲೆಕ್ಕ: ಗಣಕಯಂತ್ರದಲ್ಲಿ ಲೈಬ್ರರಿ ಬಳಸುವ ಕ್ರಮ



ರಾಯಚೂರು ನಗರದ ಆಸುಪಾಸಿನಲ್ಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಅಡಿಕೆ ನೆಡುವ ಯೋಚನೆಯುಳ್ಳವರು ಮೊದಲು ಬೇಸಿಗೆಯ ನೀರಿನ ಲೆಕ್ಕ ಹಾಕತಕ್ಕದ್ದು. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಇವೆ, ನಿಜ. ಆದರೆ ಬಿರುಬೇಸಿಗೆಯಲ್ಲಿ ಕಾಲುವೆಯನ್ನೇ ನಂಬಿ ಕೂರುವಂತಿಲ್ಲ. ಭತ್ತವಾದರೆ ಕೊಯ್ದು ಮುಗಿಯಿತು. ಅಡಿಕೆ ಮರ ಮೇ ತಿಂಗಳಲ್ಲೂ ನೀರು ಕೇಳುತ್ತದೆ.

ಈ ಲೆಕ್ಕಕ್ಕೆ 1991ರಲ್ಲಿ ಹೊರಬಂದ ಪೈಥಾನ್ ಎಂಬ ಗಣಕ ಭಾಷೆ ಅನುಕೂಲ. ಖರ್ಚಿಲ್ಲ. ತೆರೆದೊಡನೆ ಮೂರು ಬಾಣದ ಗುರುತು ಕಾಣುತ್ತದೆ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಕೂಡಲೇ ಉತ್ತರ. ಇದೇ ಶೆಲ್. ಬೇರೆಯವರು ಬರೆದಿಟ್ಟ ಲೆಕ್ಕದ ಕ್ರಮಗಳ ಕಟ್ಟು ಲೈಬ್ರರಿ. ಸಿಂಪರಣೆಯ ಪಂಪನ್ನು ನಾವೇ ತಯಾರಿಸುವುದಿಲ್ಲವಷ್ಟೆ, ಹಾಗೆ.

ಮಳೆ ಪುಸ್ತಕಕ್ಕೆ ಒಗ್ಗುವುದು 2008ರಲ್ಲಿ ವೆಸ್ ಮೆಕಿನ್ನಿ ಆರಂಭಿಸಿದ ಪಾಂಡಾಸ್. ಹೊಸಬರು ಎಡವುವುದು ಇದನ್ನು ತರಿಸುವಾಗಲೇ. ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂಬುದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಶೆಲ್‌ನಿಂದ ಹೊರಬಂದು, ಕಮಾಂಡ್ ಪ್ರಾಂಪ್ಟಿನಲ್ಲಿ ಬರೆಯಬೇಕು. ಮೂರು ಬಾಣದ ಮುಂದೆ ಬರೆದರೆ ತಪ್ಪೆಂದು ಬೈಯುತ್ತದೆ. ಬಳಿಕ ಶೆಲ್ ತೆರೆದು ‘ಇಂಪೋರ್ಟ್ ಪಾಂಡಾಸ್’. ತರಿಸುವುದು ಒಮ್ಮೆ, ಇಂಪೋರ್ಟ್ ಮಾತ್ರ ಶೆಲ್ ತೆರೆದಾಗಲೆಲ್ಲ. ‘ಮಾಡ್ಯೂಲ್ ನಾಟ್ ಫೌಂಡ್’ ಎಂದು ಬಂದರೆ, ಗಣಕದಲ್ಲಿ ಎರಡು ಪೈಥಾನ್ ಇದ್ದು, ಒಂದಕ್ಕೆ ತರಿಸಿ ಇನ್ನೊಂದನ್ನು ತೆರೆದಿರಬಹುದು. ಹೆಸರಿನ ಅಕ್ಷರ ತಪ್ಪದಿರಲಿ. ಹೋಲುವ ಹೆಸರಿನಲ್ಲಿ ಕೆಡುಕಿನ ಕಟ್ಟುಗಳನ್ನು ಇಡುವವರೂ ಇದ್ದಾರೆ. ಮೈಲುತುತ್ತದ ಕಲಬೆರಕೆ ಕಂಡ ನಮಗೆ ಇದೇನೂ ಹೊಸತಲ್ಲ.

ಉದಾಹರಣೆಗೆ, ಐದು ವರ್ಷಗಳ ಮೇ ತಿಂಗಳ ಮಳೆ 62, 4, 0, 9, 5 ಮಿ.ಮೀ. ಎಂದಿಟ್ಟುಕೊಳ್ಳಿ. ಇವನ್ನು ಪಾಂಡಾಸ್‌ನ ‘ಸೀರೀಸ್’ ಪಟ್ಟಿಗೆ ಹಾಕಿ ‘ಮೀನ್’ ಕೇಳಿದರೆ 16. ‘ಮೀಡಿಯನ್’, ಅಂದರೆ ನಡುವಿನ ಅಂಕಿ ಕೇಳಿದರೆ 5. ಒಂದು ವರ್ಷದ ಅಡ್ಡಮಳೆ ಸರಾಸರಿಯನ್ನು ಉಬ್ಬಿಸಿದೆ. ತೋಟಗಾರ ನಂಬಬೇಕಾದದ್ದು 5ನ್ನು.

ಇನ್ನು ನೀರು. ಮಾರ್ಚ್‌ನಿಂದ ಮೇವರೆಗೆ 3-5 ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಎಂಬುದು ಶಿಫಾರಸು. ರಾಯಚೂರಿನ ಬಿಸಿಲಿಗೆ ಇದೂ ಸಾಲದಾದೀತು. ಏಪ್ರಿಲ್ 1ರಿಂದ ಜೂನ್ 10ಕ್ಕೆ 70 ದಿನ. 4 ದಿನಕ್ಕೊಮ್ಮೆ ಎಂದರೆ 18 ಸಲ. 500 ಮರಕ್ಕೆ 15.75 ಲಕ್ಷ ಲೀಟರ್. ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರಿನಂತೆ 7 ಲಕ್ಷ. 20 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ ನೇರ ಗೋಡೆಯದಾದರೂ 12 ಲಕ್ಷ ಲೀಟರ್ ಹಿಡಿದೀತು. ಅಂಚು ಇಳಿಜಾರಾದ್ದರಿಂದ ಅಷ್ಟೂ ಇಲ್ಲ, ಆವಿಯಾಗುವುದು ಬೇರೆ. ಶೆಲ್‌ನಲ್ಲಿ 500ರ ಬದಲು 200 ಎಂದು ಬರೆದು ಮತ್ತೆ ಎಂಟರ್ ಒತ್ತಿ ನೋಡಿ: 6.3 ಲಕ್ಷ.