ಬಿಳಿ ಬಂಪರ್, ಹಳದಿ ಲೆನ್ಸ್

ಕನ್ನಡಕ ಹಾಕಿಕೊಂಡು ಬಣ್ಣದ ಕೆಲಸ ಮಾಡುವವರು ತಮ್ಮ ಲೆನ್ಸನ್ನು ತಾವೇ ಪರೀಕ್ಷಿಸಿಕೊಳ್ಳುವ ಬಗೆ

ಅಬುಧಾಬಿಯ ಮುಸಫ್ಫಾದ ಗ್ಯಾರೇಜುಗಳಿಗೆ ಬರುವ ಗಾಡಿಗಳಲ್ಲಿ ಬಿಳಿಯವೇ ಎದ್ದು ಕಾಣುತ್ತವೆ. ಹಾಗಂತ ಎಲ್ಲ ಬಿಳಿಯೂ ಒಂದೇ ಬಿಳಿಯಲ್ಲ. ಟೊಯೋಟಾದ 040 ನಂಬರಿನ ಸೂಪರ್ ವೈಟ್ ಬೇರೆ, 070 ನಂಬರಿನ ಮುತ್ತಿನ ಹೊಳಪಿನ ಬಿಳಿ ಬೇರೆ. ಪೊಲೀಸ್ ರಿಪೋರ್ಟ್ ಇಲ್ಲದೆ ಇಲ್ಲಿ ಯಾವ ಗ್ಯಾರೇಜಿನವರೂ ಗುದ್ದಿದ ಗಾಡಿ ಮುಟ್ಟುವಂತಿಲ್ಲ. ರಿಪೋರ್ಟ್ ತಂದು, ಡೆಂಟಿಂಗ್ ಮುಗಿಸಿ, ಪೇಂಟ್ ಹೊಡೆದು ಹೊರಗೆ ನಿಲ್ಲಿಸಿದಾಗ ಬಂಪರಿಗೂ ಪಕ್ಕದ ಫೆಂಡರಿಗೂ ಕೂದಲೆಳೆಯಷ್ಟು ಹಳದಿ ವ್ಯತ್ಯಾಸ ಉಳಿದಿದ್ದರೂ ಬಿಸಿಲು ಅದನ್ನು ಬಿಟ್ಟುಕೊಡುತ್ತದೆ. ಬೂತಿನ ಒಳಗೆ ಪೇಂಟರ್ ಕಣ್ಣಿಗೆ ಅದು ಬೀಳದಿರಲು ಕಾರಣಗಳು ಹಲವು. ಅದರಲ್ಲೊಂದು ಅವನ ಮೂಗಿನ ಮೇಲೆಯೇ ಕೂತಿರಬಹುದು.

ಕನ್ನಡಕ ಬಣ್ಣವನ್ನು ಬದಲಿಸುತ್ತದೆಯೇ ಎಂದರೆ, ಬಹುಪಾಲು ಜನರ ಬಹುಪಾಲು ದಿನಗಳಲ್ಲಿ ಇಲ್ಲ ಎಂದೇ ಹೇಳಬೇಕು. ಪವರ್ ಸರಿಯಿದ್ದ, ಬಣ್ಣ ಹಾಕದ ಲೆನ್ಸು ಬಣ್ಣವನ್ನು ಸ್ಪಷ್ಟ ಮಾಡುತ್ತದೆಯೇ ಹೊರತು ಕೆಡಿಸುವುದಿಲ್ಲ. ಆದರೆ ಕಾರ್ ಪೇಂಟರ್, ವೈರಿಂಗ್ ಮಾಡುವವರು, ಬಟ್ಟೆ ಅಂಗಡಿಯವರು, ಪ್ರಿಂಟಿಂಗ್ ಪ್ರೆಸ್ಸಿನವರು ನೋಡುವುದು ಬಣ್ಣವನ್ನಲ್ಲ, ಎರಡು ಬಣ್ಣಗಳ ನಡುವಿನ ಅಂತರವನ್ನು. ಅವರಿಗೆ ಲೆನ್ಸಿನ ಸಣ್ಣ ಛಾಯೆಯೂ ಲೆಕ್ಕಕ್ಕೆ ಬರುತ್ತದೆ.

ಮೊದಲು: ಬಿಳಿ ಹಾಳೆ, ಟ್ಯೂಬ್‌ಲೈಟು

ಬಿಳಿಯ ಎ-4 ಹಾಳೆಯೊಂದನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಡಿ. ಕನ್ನಡಕ ತೆಗೆದು ಹಾಳೆಯಿಂದ ನಾಲ್ಕು ಬೆರಳು ಮೇಲೆ ಹಿಡಿಯಿರಿ. ಲೆನ್ಸಿನ ಮೂಲಕ ಕಾಣುವ ಬಿಳಿ ಮತ್ತು ಪಕ್ಕದ ಬಿಳಿ, ಎರಡನ್ನೂ ಒಟ್ಟಿಗೆ ನೋಡಿ. ಮಾಮೂಲಿ ಲೆನ್ಸಾದರೆ ವ್ಯತ್ಯಾಸ ಕಾಣುವುದಿಲ್ಲ. ತೆಳು ಹಳದಿ ಕಂಡರೆ ಅದು ನೀಲಿ ತಡೆಯುವ ಲೆನ್ಸು. ಅಂಗಡಿಯವರ ಬಾಯಲ್ಲಿ ‘ಬ್ಲೂ ಕಟ್’.

ಈಗ ಅದೇ ಲೆನ್ಸನ್ನು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ಪ್ರತಿಬಿಂಬ ನೋಡಿ. ಹಸಿರು ಮಿಂಚು ಕಂಡರೆ ಸಾಮಾನ್ಯವಾಗಿ ಅದು ಬೆಳಕಿನ ಪ್ರತಿಫಲನ ತಡೆಯುವ ಮಾಮೂಲಿ ಕೋಟಿಂಗ್. ಗಾಢ ನೀಲಿ ಅಥವಾ ನೇರಳೆ ಮಿಂಚು ಕಂಡರೆ ನೀಲಿ ಬೆಳಕಿನ ಒಂದು ಪಾಲನ್ನು ಲೆನ್ಸು ಹೊರಕ್ಕೇ ಹಿಂತಿರುಗಿಸುತ್ತಿದೆ ಎಂದರ್ಥ. ಹಿಂತಿರುಗಿಸಿದ್ದು ಕಣ್ಣಿಗೆ ಬರುವುದಿಲ್ಲ; ಉಳಿದದ್ದರಲ್ಲಿ ಹಳದಿ ತುಸು ಮೇಲುಗೈ.

ಬ್ಲೂ ಕಟ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಜೆಗೆ ಊರಿಗೆ ಹೋದಾಗ ಕನ್ನಡಕ ಮಾಡಿಸಿಕೊಂಡು ಬರುವ ನಮ್ಮವರಿಗೆ ಮಂಗಳೂರಿನಲ್ಲಾಗಲಿ, ಇಲ್ಲೇ ಶಾಬಿಯಾದ ಅಂಗಡಿಯಲ್ಲಾಗಲಿ, ‘ಮೊಬೈಲ್ ನೋಡ್ತೀರಲ್ಲ’ ಎಂದು ಮೊದಲು ತೋರಿಸುವುದು ಇದನ್ನೇ. 2023ರಲ್ಲಿ ಬಂದ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸವನ್ನು ಇಂಥ ಲೆನ್ಸು ಮಾಮೂಲಿ ಲೆನ್ಸಿಗಿಂತ ಹೆಚ್ಚು ತಗ್ಗಿಸುವಂತೆ ಕಾಣುವುದಿಲ್ಲ ಎಂದಿತು. ಕಣ್ಣಿಗೆ ಕೆಡುಕೇನಿಲ್ಲ. ಆದರೆ ಬಣ್ಣ ಹೊಂದಿಸಿ ಹೊಟ್ಟೆ ಹೊರೆಯುವವರು ಇದಕ್ಕೆ ಹೆಚ್ಚುವರಿ ದುಡ್ಡು ಕೊಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಕಣ್ಣು ಎಷ್ಟು ತಿದ್ದುತ್ತದೆ?

‘ಮೊದಲ ದಿನ ಹಳದಿ ಕಂಡಿತ್ತು, ಈಗ ಎಲ್ಲ ಸರಿಯಾಗಿದೆ’ ಎನ್ನುವವರಿದ್ದಾರೆ. ಅವರು ಹೇಳುವುದು ನಿಜವೇ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವು. ನೀಲಿಯ ಪಾಲು ಒಂದೇ ಸಮನೆ ಕಡಿಮೆ ಬರತೊಡಗಿದರೆ ನೀಲಿಗೆ ಸ್ಪಂದಿಸುವ ಕೋಶಗಳ ಸಂವೇದನೆ ಏರುತ್ತದೆ, ಕೆಲವೇ ನಿಮಿಷಗಳಲ್ಲಿ ಬಿಳಿ ಮತ್ತೆ ಬಿಳಿಯಾಗುತ್ತದೆ. ಈ ಹೊಂದಾಣಿಕೆಯನ್ನು ಹೀಗೆ ವಿವರಿಸಿದವನು ಜರ್ಮನಿಯ ವಿಜ್ಞಾನಿ ಫಾನ್ ಕ್ರೀಸ್, 1902ರಲ್ಲಿ. ಐಕ್ಯಾಡ್ ಕೈಗಾರಿಕಾ ಪ್ರದೇಶದ ಯಾರ್ಡುಗಳಲ್ಲಿ ವೆಲ್ಡಿಂಗ್ ಮಾಡುವವರು ಇದನ್ನು ದಿನವೂ ಅನುಭವಿಸುತ್ತಾರೆ. ಶೀಲ್ಡಿನ ಹಸಿರು ಗಾಜಿನ ಹಿಂದೆ ಹೊತ್ತು ಕಳೆದು ಶೀಲ್ಡ್ ಎತ್ತಿದರೆ ಸುತ್ತಲಿನದಕ್ಕೆಲ್ಲ ತೆಳು ಗುಲಾಬಿ ಬಳಿದಂತೆ ಕಾಣುತ್ತದೆ, ಆಮೇಲೆ ಸರಿಹೋಗುತ್ತದೆ.

ಮೋಸವಾಗುವುದು ಇಲ್ಲೇ. ಕಣ್ಣು ಒಟ್ಟು ಛಾಯೆಯನ್ನು ತಿದ್ದಬಲ್ಲದು. ಲೆನ್ಸು ನುಂಗಿದ ವ್ಯತ್ಯಾಸವನ್ನು ಮರಳಿ ತರಲಾರದು. ಅಚ್ಚ ಬಿಳಿಗೂ ಕೆನೆ ಬಿಳಿಗೂ ಇರುವ ಅಂತರವೆಲ್ಲ ಹೆಚ್ಚುಕಡಿಮೆ ನೀಲಿಯ ಪಾಲಿನಲ್ಲೇ ಇದೆ. ಆ ನೀಲಿಯನ್ನೇ ಲೆನ್ಸು ತಡೆದರೆ ಎರಡೂ ಹತ್ತಿರವಾಗಿಬಿಡುತ್ತವೆ, ಕಣ್ಣು ಎಷ್ಟೇ ಒಗ್ಗಿದರೂ. ಗಾಢ ಹಳದಿ ಸೇಫ್ಟಿ ಗ್ಲಾಸ್ ಹಾಕಿಕೊಂಡವರಿಗೆ ನೀಲಿ ವೈರು ಮಂದ ಬೆಳಕಿನಲ್ಲಿ ಕಪ್ಪಿನ ಹತ್ತಿರ ಹೋಗುತ್ತದೆ. ನೀಲಿ ಒಂದು ಫೇಸು, ಕಪ್ಪು ನ್ಯೂಟ್ರಲ್ ಆಗಿರುವ ಹಳೆಯ ಪ್ಯಾನಲ್ ಮುಂದೆ ನಿಂತಾಗ ಇದು ಬರೀ ಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಟೆಸ್ಟರ್ ಇಟ್ಟು ನೋಡದೆ ಬಣ್ಣವನ್ನು ನಂಬಬೇಡಿ.

ಆದ್ದರಿಂದ ಎರಡನೇ ಪರೀಕ್ಷೆ. ತೀರಾ ಹತ್ತಿರದ ಎರಡು ಬಿಳಿ ತುಣುಕುಗಳನ್ನು ಅಂಚಿಗೆ ಅಂಚು ತಾಗಿಸಿ ಇಡಿ. ಪೇಂಟ್ ಅಂಗಡಿಯ ಸ್ಯಾಂಪಲ್ ಕಾರ್ಡು ಸಿಕ್ಕರೆ ಒಳ್ಳೆಯದು. ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ. ಬರಿಗಣ್ಣಿಗೆ ಮಸುಕಾದರೂ ಪರವಾಗಿಲ್ಲ, ನಡುವಿನ ಗೆರೆ ಕಾಣುತ್ತದೆಯೇ ಎಂಬುದಷ್ಟೇ ಮುಖ್ಯ. ಬರಿಗಣ್ಣಿಗೆ ಕಂಡ ಗೆರೆ ಕನ್ನಡಕದಲ್ಲಿ ಮಾಯವಾದರೆ ಆ ಕನ್ನಡಕ ಬಣ್ಣ ಹೊಂದಿಸುವ ಹೊತ್ತಿಗೆ ಬೇಡ.

ಗ್ಯಾರೇಜಿನಲ್ಲಿ

ಗಾಡಿಯ ಬಾಗಿಲ ಕಂಬದ ಸ್ಟಿಕರಿನಲ್ಲಿ ಪೇಂಟ್ ಕೋಡ್ ಇದ್ದರೂ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಬಣ್ಣ ಕೋಡಿನಂತೆ ಉಳಿದಿರುವುದಿಲ್ಲ. ಕೊನೆಗೆ ತೀರ್ಪು ಕೊಡುವುದು ಕಣ್ಣೇ. ಅದಕ್ಕೊಂದು ಕ್ರಮ ಇರಲಿ.

ಬಣ್ಣ ನೋಡಲೆಂದೇ ಒಂದು ಕನ್ನಡಕ ಬೇರೆ ಇಟ್ಟುಕೊಳ್ಳಿ: ಬಿಳಿ ಲೆನ್ಸು, ಮಾಮೂಲಿ ಕೋಟಿಂಗ್, ಬ್ಲೂ ಕಟ್ ಇಲ್ಲ, ಬಿಸಿಲಿಗೆ ಕಪ್ಪಾಗುವುದೂ ಅಲ್ಲ. ಗ್ರೈಂಡಿಂಗ್, ಸ್ಯಾಂಡಿಂಗ್ ನಡೆಯುವಾಗ ಮಾತ್ರ ಸೇಫ್ಟಿ ಗ್ಲಾಸ್ ತೆಗೆಯಲೇಬೇಡಿ. ಬಣ್ಣ ತಪ್ಪಿದರೆ ಮತ್ತೊಂದು ಕೋಟ್ ಹೊಡೆಯಬಹುದು, ಕಿಡಿ ಹೊಕ್ಕ ಕಣ್ಣಿಗೆ ಆ ಸೌಲಭ್ಯವಿಲ್ಲ.

ಕನ್ನಡಕ ಬದಲಿಸಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಹಳದಿಯಿಂದ ಬಿಳಿ ಲೆನ್ಸಿಗೆ ಬಂದವರಿಗೆ ಎಲ್ಲವೂ ನೀಲಿಯತ್ತ ವಾಲಿದಂತೆ ಕಾಣುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ನೋಡಿ.

ಬೂತಿನ ಬೆಳಕಿನಲ್ಲಿ ಒಮ್ಮೆ, ಹೊರಗೆ ಹಗಲಿನಲ್ಲಿ ಒಮ್ಮೆ, ಎರಡೂ ಕಡೆ ನೋಡಲೇಬೇಕು. ಬೇರೆ ಬೇರೆ ಪಿಗ್ಮೆಂಟಿನಿಂದ ಮಾಡಿದ ಎರಡು ಪೇಂಟು ಒಂದು ದೀಪದಡಿ ಒಂದೇ ಆಗಿ, ಇನ್ನೊಂದರಡಿ ಬೇರೆಯಾಗಿ ಕಾಣುವುದುಂಟು. ಬಣ್ಣ ಹೋಲಿಸಲು ಉದ್ಯಮದಲ್ಲಿ ಒಪ್ಪಿಕೊಂಡಿರುವ ಹಗಲು ಬೆಳಕೆಂದರೆ ಸುಮಾರು 6,500 ಕೆಲ್ವಿನ್‌ನದು. ಸಂಜೆಯ ಕೆಂಬಿಸಿಲು ಅದಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಬಣ್ಣ ನೋಡುವ ಕೆಲಸವನ್ನು ಬೆಳಗಿಗೇ ಇಟ್ಟುಕೊಳ್ಳಿ. ನೆರಳಿನಲ್ಲಿ ನಿಲ್ಲಿಸಿ, ಮೊದಲು ನೇರಕ್ಕೆ, ಆಮೇಲೆ ಓರೆಯಿಂದ.

ಇನ್ನು ಥಿನ್ನರ್. ಲೆನ್ಸಿನ ಮೇಲೆ ಪೇಂಟಿನ ಹನಿ ಕೂತರೆ ಕೈಗೆ ಸಿಕ್ಕ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಉಜ್ಜುವುದು ಗ್ಯಾರೇಜಿನ ರೂಢಿ. ಅದರಲ್ಲಿರುವ ಅಸಿಟೋನಿನಂಥ ದ್ರಾವಕಗಳು ಪಾಲಿಕಾರ್ಬೊನೇಟ್ ಲೆನ್ಸನ್ನು ತಿಂದುಹಾಕುತ್ತವೆ. ಮೊದಲು ಕಾಣುವುದು ಬೆಳ್ಳನೆಯ ಮಸುಕು, ಆಮೇಲೆ ಉಗುರಿನಿಂದ ಗೀರಿದಂಥ ಸಣ್ಣ ಬಿರುಕುಗಳು. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಕನ್ನಡಕ ಬಿಟ್ಟು ಹೋದರೂ ಕಥೆ ಇದೇ: ಬಿಸಿಗೆ ಪ್ಲಾಸ್ಟಿಕ್ ಲೆನ್ಸು ಹಿಗ್ಗುವಷ್ಟು ಅದರ ಮೇಲಿನ ಕೋಟಿಂಗ್ ಹಿಗ್ಗುವುದಿಲ್ಲ, ಬಿರಿಯುತ್ತದೆ. ಇಂಥ ಲೆನ್ಸು ಬೆಳಕನ್ನು ಅಡ್ಡಾದಿಡ್ಡಿ ಚದುರಿಸಿ ಎಲ್ಲ ಬಣ್ಣದ ಮೇಲೂ ಬೆಳ್ಳನೆ ಮುಸುಕು ಹಾಕುತ್ತದೆ. ಕೆಂಪು ಪೇಲವ, ಕಪ್ಪು ಬೂದು. ತೊಳೆಯಲು ನಲ್ಲಿ ನೀರು ಮತ್ತು ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಆದರೆ ಮೊದಲು ನೀರು ಬಿಟ್ಟು ಮರಳಿನ ದೂಳು ಹೋಗಲಿ, ಒಣ ಬಟ್ಟೆಯಿಂದ ಉಜ್ಜಿದರೆ ಇಲ್ಲಿನ ದೂಳೇ ಸ್ಯಾಂಡ್‌ಪೇಪರ್.

ಅಂಚಿನಲ್ಲಿ ಕಾಣುವ ಕಾಮನಬಿಲ್ಲು

ಪವರ್ ಜಾಸ್ತಿ ಇರುವವರು ಹೊಸ ಕನ್ನಡಕದ ಅಂಚಿನಿಂದ ಕಿಟಕಿಯ ಸರಳನ್ನು ನೋಡಿದರೆ ಒಂದು ಬದಿಗೆ ನೀಲಿ, ಇನ್ನೊಂದಕ್ಕೆ ಕಿತ್ತಳೆ ಗೆರೆ ಕಾಣುತ್ತದೆ. ರಾತ್ರಿ ಅಂಗಡಿ ಸಾಲಿನ ಕೆಂಪು-ನೀಲಿ ಎಲ್‌ಇಡಿ ಬೋರ್ಡುಗಳಲ್ಲಿ ಒಂದು ಬಣ್ಣ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ನಿಂತಂತೆ ಅನ್ನಿಸುವುದೂ ಉಂಟು. ಲೆನ್ಸಿನ ಅಂಚು ಪ್ರಿಸಮ್ಮಿನಂತೆ ಬೆಳಕನ್ನು ಒಡೆಯುವುದರ ಫಲ ಇದು. ಎಷ್ಟು ಒಡೆಯುತ್ತದೆ ಎಂಬುದು ಲೆನ್ಸಿನ ವಸ್ತುವಿಗೆ ಬಿಟ್ಟದ್ದು. ಅದನ್ನು ಹೇಳುವ ಅಂಕಿ ಅಬೆ ಸಂಖ್ಯೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಮಾಮೂಲಿ ಪ್ಲಾಸ್ಟಿಕ್ ಆದ ಸಿಆರ್-39ಕ್ಕೆ 58, ಪಾಲಿಕಾರ್ಬೊನೇಟಿಗೆ 30, ಟ್ರೈವೆಕ್ಸಿಗೆ 43ರಿಂದ 45, ತೆಳುವಾದ 1.67 ಲೆನ್ಸಿಗೆ ಸುಮಾರು 32.

ಲೆಕ್ಕ ಸರಳ. ಮೈನಸ್ 5 ಪವರಿನವರು ಲೆನ್ಸಿನ ನಡುವಿನಿಂದ 1.5 ಸೆಂಟಿಮೀಟರ್ ಆಚೆ ನೋಡಿದರೆ 5ನ್ನು 1.5ರಿಂದ ಗುಣಿಸಿ, 7.5. ಅದನ್ನು ಅಬೆ ಸಂಖ್ಯೆಯಿಂದ ಭಾಗಿಸಿ: ಸಿಆರ್-39ರಲ್ಲಿ 0.13, ಪಾಲಿಕಾರ್ಬೊನೇಟಿನಲ್ಲಿ 0.25. ಸುಮಾರು 0.1 ದಾಟಿದರೆ ಕಣ್ಣಿಗೆ ಗೊತ್ತಾಗತೊಡಗುತ್ತದೆ ಎಂಬುದು ಕನ್ನಡಕದವರ ಅಂದಾಜು. ಉಪಾಯವೂ ಸರಳವೇ: ಕಣ್ಣು ಹೊರಳಿಸುವ ಬದಲು ಕತ್ತು ತಿರುಗಿಸಿ, ಲೆನ್ಸಿನ ನಡುವಿನಿಂದಲೇ ನೋಡಿ. ಫ್ರೇಮ್ ಚಿಕ್ಕದಿರಲಿ, ಎರಡು ಪಾಪೆಗಳ ನಡುವಿನ ಅಂತರ ಅಳೆಸಿ ಕೂರಿಸಿರಲಿ. ನಡುವಿನಿಂದ ನೋಡಿದರೂ ಗೆರೆ ಕಂಡರೆ ಲೆನ್ಸು ತಪ್ಪು ಜಾಗಕ್ಕೆ ಕೂತಿದೆಯೇ ಎಂದು ಅಂಗಡಿಯಲ್ಲಿ ತೋರಿಸಿ.

ಬಿಸಿಲಿನ ಕನ್ನಡಕ

ಬೂದು ಲೆನ್ಸು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ಆದ್ದರಿಂದ ಬಣ್ಣ ಬದಲಾಗುವುದಿಲ್ಲ. ಕಂದು ಲೆನ್ಸಿನಲ್ಲಿ ದೂಳು ಮುಸುಕಿದ ರಸ್ತೆ ಚೂಪಾಗಿ ಕಾಣುತ್ತದೆ, ಬದಲಿಗೆ ನೀಲಿ ಸೊರಗುತ್ತದೆ. ಕೊಳ್ಳುವಾಗ ಕಡ್ಡಿಯ ಒಳಬದಿಯಲ್ಲಿ ವರ್ಗದ ಅಂಕಿ ಹುಡುಕಿ. 3ನೇ ವರ್ಗ ಶೇಕಡಾ 8ರಿಂದ 18ರಷ್ಟು ಬೆಳಕು ಬಿಡುತ್ತದೆ, ಇಲ್ಲಿನ ಬಿಸಿಲಿಗೆ ಅದು ಸರಿ. 4ನೇ ವರ್ಗ ಹಾಕಿಕೊಂಡು ಗಾಡಿ ಓಡಿಸಕೂಡದು.

ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸು ಕೊಂಡು ‘ಇದು ಡೂಪ್ಲಿಕೇಟ್’ ಎಂದು ಜಗಳಕ್ಕೆ ಹೋಗುವ ಮುನ್ನ ಎರಡು ಸಂಗತಿ ತಿಳಿದಿರಲಿ. ಅದನ್ನು ಕಪ್ಪು ಮಾಡುವುದು ಮುಖ್ಯವಾಗಿ ಅತಿನೇರಳೆ ಕಿರಣ. ಗಾಡಿಯ ಮುಂದಿನ ಗಾಜು ಅದನ್ನು ತಡೆಯುವುದರಿಂದ ಸ್ಟೇರಿಂಗ್ ಹಿಂದೆ ಕೂತವರಿಗೆ ಇಂಥ ಮಾಮೂಲಿ ಲೆನ್ಸು ಕಪ್ಪಾಗುವುದೇ ಇಲ್ಲ. ಮತ್ತೆ, ಬಿಸಿ ಹೆಚ್ಚಾದಷ್ಟೂ ಅದು ಬೇಗ ತಿಳಿಯಾಗಲು ಹವಣಿಸುತ್ತದೆ. ಹೀಗಾಗಿ ಮುಸಫ್ಫಾದ ಆಗಸ್ಟಿನಲ್ಲಿ ಆಗುವುದಕ್ಕಿಂತ ಜನವರಿಯಲ್ಲೇ ಹೆಚ್ಚು ಕಪ್ಪಾಗುತ್ತದೆ.

ಪೋಲರೈಸ್ಡ್ ಲೆನ್ಸು ರಸ್ತೆಯ ಪ್ರಖರತೆ ಇಳಿಸುತ್ತದೆ. ಆದರೆ ಕೆಲವು ಮೊಬೈಲ್ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪು, ಗಾಡಿಗಳ ಹಿಂದಿನ ಗಾಜಿನಲ್ಲಿ ಚುಕ್ಕೆ ಚುಕ್ಕೆ ಚಿತ್ತಾರ. ಪೇಂಟ್ ಮೇಲಿನ ಹೊಳಪಿನ ಒಂದು ಪಾಲನ್ನೂ ಅದು ನುಂಗುವುದರಿಂದ ಕ್ಲಿಯರ್ ಕೋಟಿನಲ್ಲಿ ಕಿತ್ತಳೆ ಸಿಪ್ಪೆಯಂತೆ ಎದ್ದ ತರಿಗಳು ತಪ್ಪಿಹೋಗಬಹುದು. ಮುಗಿದ ಕೆಲಸ ಪರಿಶೀಲಿಸುವಾಗ ಅದನ್ನು ತೆಗೆದಿಡಿ.

ಬಣ್ಣಗುರುಡಿಗೆ ಕನ್ನಡಕವೇ?

ಕೆಂಪು-ಹಸಿರು ಬೇರೆ ಮಾಡಲಾಗದವರು ವಿಶೇಷ ಕನ್ನಡಕವೊಂದನ್ನು ಹಾಕಿಕೊಂಡು ಕಣ್ಣೀರಿಡುವ ವಿಡಿಯೊಗಳನ್ನು ನೋಡಿರುತ್ತೀರಿ. ಆ ಲೆನ್ಸು ಬೆಳಕಿನ ಕೆಲವು ಪಟ್ಟಿಗಳನ್ನು ಕತ್ತರಿಸಿ ಕೆಲವು ಬಣ್ಣಗಳ ಅಂತರ ಹಿಗ್ಗಿಸುತ್ತದೆ, ಇನ್ನು ಕೆಲವನ್ನು ಕುಗ್ಗಿಸುತ್ತದೆ. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಾಕಿಕೊಂಡವರಿಗೆ ಸಹಜ ಬಣ್ಣದೃಷ್ಟಿ ಬರಲಿಲ್ಲ. ಬಣ್ಣಗುರುಡು ಪತ್ತೆಹಚ್ಚಲು ಜಪಾನಿನ ಇಶಿಹಾರ 1917ರಲ್ಲಿ ಹೊರತಂದ ಚುಕ್ಕೆ ಚಿತ್ರಗಳ ಪರೀಕ್ಷೆಗೆ ಬಣ್ಣದ ಲೆನ್ಸು ಹಾಕಿಕೊಂಡು ಕೂತರೆ ಫಲಿತಾಂಶವೇ ಸುಳ್ಳಾಗುತ್ತದೆ. ಕೆಲಸಕ್ಕಾಗಿ ಅಂಥ ಕನ್ನಡಕ ನಂಬಿಕೊಳ್ಳಬೇಡಿ.

ಅಂಗಡಿಯಲ್ಲಿ

ಪವರ್ ಪರೀಕ್ಷೆಯ ಕೊನೆಗೆ ಕೆಂಪು-ಹಸಿರು ಹಲಗೆ ತೋರಿಸಿ ‘ಯಾವುದರ ಅಕ್ಷರ ಕಪ್ಪಾಗಿದೆ’ ಎಂದು ಕೇಳುತ್ತಾರೆ. ಅದು ಬಣ್ಣದ ಪರೀಕ್ಷೆಯಲ್ಲ. ಹಸಿರು ಬೆಳಕು ಕಣ್ಣಿನೊಳಗೆ ಕೆಂಪಿಗಿಂತ ತುಸು ಮುಂದೆಯೇ ಕೂಡುತ್ತದೆ. ಎರಡೂ ಸಮನಾಗಿ ಕಂಡರೆ ಪವರ್ ಸರಿ. ಕಂಡದ್ದನ್ನು ಹೇಳಿ, ಊಹಿಸಬೇಡಿ. ಆರ್ಡರ್ ಕೊಡುವಾಗ ನಿಮ್ಮದು ಬಣ್ಣದ ಕೆಲಸ ಎಂದು ಮೊದಲೇ ತಿಳಿಸಿ, ಲೆನ್ಸಿನ ವಸ್ತು ಮತ್ತು ಕೋಟಿಂಗಿನ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕನ್ನಡಕದ ತಪ್ಪಲ್ಲದಿದ್ದಾಗ

ಚಾಳೀಸಿನ ವಯಸ್ಸು ದಾಟುತ್ತಿದ್ದಂತೆ ಕಣ್ಣೊಳಗಿನ ಮಸೂರವೇ ಹಳದಿಯಾಗುತ್ತ ಹೋಗುತ್ತದೆ, ಪೊರೆ ಬಂದರೆ ಇನ್ನಷ್ಟು. ಚಿತ್ರಕಾರ ಕ್ಲಾಡ್ ಮೊನೆ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಎಲ್ಲವೂ ನೀಲಿ ಕಾಣುತ್ತಿದೆ ಎಂದು ದೂರಿ, ಬಣ್ಣದ ಕನ್ನಡಕದ ಮೊರೆ ಹೋಗಿದ್ದ. ಇದು ನಿಧಾನಕ್ಕೆ ಆಗುವಂಥದ್ದು, ಚಿಕಿತ್ಸೆಯೂ ಇದೆ. ಹಠಾತ್ತಾಗಿ ಆದರೆ ವಿಷಯ ಬೇರೆ. ಒಂದು ಕೆಂಪು ಮುಚ್ಚಳವನ್ನು ಎಡಗಣ್ಣಿನಿಂದೊಮ್ಮೆ, ಬಲಗಣ್ಣಿನಿಂದೊಮ್ಮೆ ನೋಡಿ. ಒಂದು ಕಣ್ಣಿಗೆ ಅದು ತೊಳೆದ ಕೆಂಪಿನಂತೆ ಕಂಡರೆ ಕನ್ನಡಕದ ಅಂಗಡಿಗಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ದೃಷ್ಟಿನರದ ತೊಂದರೆ ಹಾಗೆ ಕಾಣಿಸಿಕೊಳ್ಳುತ್ತದೆ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ಮಾತ್ರೆ ಕೆಲವರಲ್ಲಿ ಆ ನರವನ್ನೇ ಕಾಡಿ ಮೊದಲು ಕೆಂಪು-ಹಸಿರಿನ ಅಂತರ ಕೆಡಿಸುವುದುಂಟು. ಊರಿನಲ್ಲಿ ಆ ಚಿಕಿತ್ಸೆ ಪಡೆಯುತ್ತಿರುವ ಮನೆಯವರಿದ್ದರೆ ಮುಂದಿನ ಫೋನಿನಲ್ಲಿ ಈ ಮುಚ್ಚಳದ ಪರೀಕ್ಷೆ ಹೇಳಿಕೊಡಿ. ಬದಲಾವಣೆ ಕಂಡರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಅದೇ ದಿನ ಡಾಕ್ಟರಿಗೆ ತಿಳಿಸಲಿ.